ಆಟಿಕೆ ಅಂಗಡಿಯಿಂದ ಮಗಳ ರಕ್ತ ಪರೀಕ್ಷೆಯ ಖರ್ಚು ವಾಪಸ್ ಪಡೆದ ಬಗೆ

ಆಟಿಕೆಯ ಬಣ್ಣ ಮಗುವಿನ ಹೊಟ್ಟೆ ಸೇರಿದೆ ಅಂತ ಅನುಮಾನ ಬಂದರೆ ಟೆಸ್ಟ್‌ಗೆ ದುಡ್ಡು ಯಾರು ಕೊಡಬೇಕು? ಸದ್ಯಕ್ಕೆ ನೀವೇ ಕೊಡಿ. ವಾಪಸ್ ಕೇಳುವ ಕೆಲಸ ಆಮೇಲೆ ಮಾಡಬಹುದು, ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷ ಅವಕಾಶ ಇದೆ. ಆದರೆ ಅಂಥ ಬಣ್ಣದಲ್ಲಿ ಇರಬಹುದಾದ ವಿಷಕಾರಿ ಲೋಹ ಸೀಸದ (ಲೆಡ್) ಲೆಕ್ಕ ಬೇರೆ. ರಕ್ತದಲ್ಲಿರುವ ಸೀಸ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ, ಒಂದಷ್ಟು ಎಲುಬಿಗೆ ಹೋಗಿ ಕೂರುತ್ತದೆ. ತಡ ಮಾಡಿದರೆ ರಿಪೋರ್ಟ್‌ನಲ್ಲಿ ನಿಜ ಕಾಣುವುದಿಲ್ಲ.

ನಾವಿರುವುದು ಹುಬ್ಬಳ್ಳಿಯಲ್ಲಿ. ದುರ್ಗದಬೈಲ್ ಹತ್ತಿರದ ಒಂದು ಅಂಗಡಿಯಲ್ಲಿ ಮಗಳಿಗೆ ದಾರ ಕಟ್ಟಿ ಎಳೆಯುವ ಕಟ್ಟಿಗೆಯ ಬಾತುಕೋಳಿ ಕೊಂಡಿದ್ದೆವು. ಗಾಢ ಹಳದಿ ಬಣ್ಣ. ಅವಳಿಗೆ ಆಗ ಒಂದೂವರೆ ವರ್ಷ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಕೆಲವು ವಾರಗಳಲ್ಲಿ ಕೊಕ್ಕಿನ ಬಣ್ಣ ಪೂರ್ತಿ ಹೋಗಿ ಬಿಳಿ ಕಟ್ಟಿಗೆ ಕಾಣತೊಡಗಿತು. ಅದರ ಮೇಲೆ ಮುಂದಿನ ಹಲ್ಲುಗಳ ಗೆರೆ ಸಾಲಾಗಿ ಮೂಡಿತ್ತು. ಅದೇ ಹೊತ್ತಿಗೆ ಅವಳು ಸರಿಯಾಗಿ ಊಟ ಮಾಡುತ್ತಿರಲಿಲ್ಲ, ಮಲಬದ್ಧತೆ ಬೇರೆ. ಮಕ್ಕಳ ಡಾಕ್ಟರು ಹಿಮೋಗ್ಲೋಬಿನ್ ನೋಡಿದರು, ಕಡಿಮೆ ಇತ್ತು. "ಏನೇನ್ ಬಾಯಾಗ ಹಾಕ್ಕೊತಾಳ್ರೀ?" ಅಂತ ಕೇಳಿದರು. ಬಾತುಕೋಳಿಯ ವಿಷಯ ಹೇಳಿದೆ. ಸೀಸದ ಟೆಸ್ಟ್ ಮಾಡಿಸಿ ಅಂದರು. ಹಳದಿ, ಕೇಸರಿ ಬಣ್ಣಗಳಿಗೆ ಸೀಸದ ಕ್ರೋಮೇಟ್ ಬಳಸುವುದು ಹಳೆಯ ರೂಢಿಯಂತೆ.

ಆಗಲೇ ಒಂದು ಮಾತು ಕೇಳಿಕೊಂಡೆ. "ಡಾಕ್ಟರೇ, ಯಾಕೆ ಈ ಟೆಸ್ಟ್ ಅಂತ ಚೀಟಿಯಲ್ಲೇ ಬರೆದುಕೊಡಿ." ಬಣ್ಣದ ಆಟಿಕೆ ಬಾಯಿಗೆ ಹಾಕುತ್ತಿದ್ದಳು, ಅದಕ್ಕಾಗಿ ಸೀಸದ ಪರೀಕ್ಷೆ, ಅಂತ ಬರೆದುಕೊಟ್ಟರು. ಮುಂದೆ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಆ ಒಂದು ಸಾಲು. ಅದಿಲ್ಲದಿದ್ದರೆ ಲ್ಯಾಬ್ ಬಿಲ್ ಬರೀ ತಾಯಿಯ ಭಯಕ್ಕೆ ಮಾಡಿಸಿದ ಟೆಸ್ಟ್ ಅನ್ನಿಸಿಕೊಳ್ಳುತ್ತಿತ್ತು.

ರಕ್ತವನ್ನು ರಕ್ತನಾಳದಿಂದಲೇ ತೆಗೆಸಿ. ಬೆರಳು ಚುಚ್ಚಿ ತೆಗೆದರೆ ಚರ್ಮದ ಮೇಲಿನ ಧೂಳಿನ ಸೀಸವೂ ಸೇರಿ ಲೆಕ್ಕ ತಪ್ಪಬಹುದು. ನಮ್ಮ ಲ್ಯಾಬಿನವರು ಸ್ಯಾಂಪಲ್ ಹೊರಗೆ ಕಳಿಸಿದರು. ಡೆಸಿಲೀಟರ್‌ಗೆ 9 ಮೈಕ್ರೋಗ್ರಾಂ ಅಂತ ರಿಪೋರ್ಟ್ ಬಂತು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಪ್ರಕಾರ 5 ಅಥವಾ ಅದಕ್ಕಿಂತ ಮೇಲಿದ್ದರೆ ಸೀಸ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ನಿಲ್ಲಿಸಬೇಕು. ಇಷ್ಟಕ್ಕೆ ಸೀಸ ಹೊರಹಾಕುವ ಔಷಧಿ ಕೊಡುವುದಿಲ್ಲ, ಅದು 45ರ ಆಸುಪಾಸಿನ ಮಾತು. ಆಟಿಕೆ ದೂರ ಇಡಿ, ಕಬ್ಬಿಣಾಂಶದ ಡ್ರಾಪ್ಸ್ ಹಾಕಿ, ಮೂರು ತಿಂಗಳು ಬಿಟ್ಟು ಮತ್ತೆ ಟೆಸ್ಟ್ ಮಾಡಿಸಿ ಅಂದರು. ಅಂದರೆ ಖರ್ಚು ಒಂದು ಬಿಲ್ಲಿಗೆ ಮುಗಿಯುವುದಿಲ್ಲ.

ಮೊದಲು ಇನ್ಶೂರೆನ್ಸ್ ವಿಚಾರಿಸಿದೆ. ನಮ್ಮ ಪಾಲಿಸಿಯಲ್ಲಿ ಅಡ್ಮಿಟ್ ಆದರೆ ಮಾತ್ರ ದುಡ್ಡು, ಹೊರರೋಗಿ ಟೆಸ್ಟ್‌ಗೆ ಇಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕವೂ ಮುಖ್ಯವಾಗಿ ಆಸ್ಪತ್ರೆ ಚಿಕಿತ್ಸೆಗೆ ಇರುವಂಥದ್ದು. ಮನೆಯಲ್ಲಿ ಯಾರಿಗಾದರೂ ಇಎಸ್‌ಐ ಕಾರ್ಡ್ ಇದ್ದರೆ ಅಲ್ಲಿ ಕೇಳಿ, ಅದರಲ್ಲಿ ಹೊರರೋಗಿ ಚಿಕಿತ್ಸೆ ಮನೆಯವರಿಗೂ ಸಿಗುತ್ತದೆ. ನಮಗೆ ಇರಲಿಲ್ಲ.

ಉಳಿದದ್ದು ಅಂಗಡಿ. ಬಿಲ್ ಇತ್ತು, ಫೋನ್‌ಪೇ ದಾಖಲೆಯೂ ಇತ್ತು. ಬಾತುಕೋಳಿಯನ್ನು ತೊಳೆಯದೆ ಹಾಗೇ ಜಿಪ್ ಕವರಿಗೆ ಹಾಕಿಟ್ಟಿದ್ದೆ. ಡಬ್ಬಿಯನ್ನು ಆರೂ ಕಡೆಯಿಂದ ಫೋಟೋ ತೆಗೆದೆ. ತಯಾರಿಸಿದವರ ಹೆಸರಿಲ್ಲ, ತರಿಸಿದವರ ವಿಳಾಸವಿಲ್ಲ, ಐಎಸ್‌ಐ ಗುರುತೂ ಇಲ್ಲ. ಬೆಲೆಯ ಚೀಟಿ ಒಂದೇ. ಅಂಗಡಿಯವರು ಹೇಳಿದ್ದು ಇಷ್ಟು: "ಆಟಿಗಿ ರೊಕ್ಕ ಬೇಕಾದ್ರ ತಗೊಂಡ್ ಹೋಗ್ರಿ ಅಕ್ಕಾರ. ರಕ್ತದ ಟೆಸ್ಟಿಗೂ ನಮಗೂ ಏನ್ ಸಂಬಂಧ?"

ಸಂಬಂಧ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೋಷವಿರುವ ವಸ್ತುವಿನಿಂದ ಆದ ಹಾನಿಗೆ ಒಂದು ಇಡೀ ಅಧ್ಯಾಯವೇ ಇದೆ. ಕಾಯಿಲೆಯೂ ಆ ಹಾನಿಯಲ್ಲಿ ಸೇರುತ್ತದೆ. ತಯಾರಿಸಿದವರು ಯಾರು ಅಂತ ಗೊತ್ತಿಲ್ಲದಿದ್ದರೆ, ಅಥವಾ ಅವರಿಗೆ ನೋಟಿಸ್ ಮುಟ್ಟಿಸಲು ಆಗದಿದ್ದರೆ, ಮಾರಿದವರೇ ಹೊಣೆ ಅನ್ನುತ್ತದೆ 86ನೇ ಕಲಮು. ಹೆಸರಿಲ್ಲದ ಮಾಲು ಮಾರುವ ಅಂಗಡಿಗೆ "ಕಂಪನಿಯನ್ನು ಕೇಳಿ" ಅನ್ನುವ ದಾರಿ ಇಲ್ಲ. ಇದನ್ನು ಓದಿದ ಮೇಲೆ ನನಗೆ ಧೈರ್ಯ ಬಂತು.

ಆಟಿಕೆಯನ್ನೇ ಲ್ಯಾಬಿಗೆ ಕಳಿಸಬೇಕಾ ಅಂತ ಬಹಳ ಜನ ಕೇಳುತ್ತಾರೆ. ನಾನು ಕಳಿಸಲಿಲ್ಲ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕರಕುಶಲಿಗರು ಮಾಡಿದ್ದಕ್ಕೆ, ಚನ್ನಪಟ್ಟಣದ ಆಟಿಕೆಯಂಥ ಭೌಗೋಳಿಕ ಗುರುತಿನ ಮಾಲಿಗೆ ವಿನಾಯಿತಿ ಇದೆ. ನಮ್ಮದು ಅವೆರಡೂ ಅಲ್ಲ. ಹಾಗಾಗಿ ಮಾರಬಾರದ ವಸ್ತು ಮಾರಿದ್ದಾರೆ ಅನ್ನುವುದಕ್ಕೆ ಆ ಡಬ್ಬಿಯ ಫೋಟೋನೇ ಸಾಕಿತ್ತು. ಗುರುತು ಇದ್ದರೂ ಸುಮ್ನೆ ನಂಬಬೇಡಿ, ಐಎಸ್‌ಐ ಗುರುತು ಕೊಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಲೈಸೆನ್ಸ್ ನಂಬರ್ ಹಾಕಿ ನೋಡಿ. ಬಿಐಎಸ್‌ಗೆ ದೂರನ್ನೂ ಕೊಡಿ, ಬೇರೆ ಮಕ್ಕಳ ಕೈಗೆ ಆ ಮಾಲು ಹೋಗುವುದು ನಿಲ್ಲಲಿ. ಆದರೆ ಅಲ್ಲಿ ಹಾಕುವ ದಂಡ ನಿಮ್ಮ ಟೆಸ್ಟ್ ಬಿಲ್ಲಿಗೆ ಬರುವುದಿಲ್ಲ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆ. ಜೊತೆಗೆ ನಾನೇ ಕನ್ನಡದಲ್ಲಿ ಒಂದು ನೋಟಿಸ್ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದೆ. ಬಿಲ್, ಫೋಟೋ, ಡಾಕ್ಟರ ಚೀಟಿ, ರಿಪೋರ್ಟ್ ಎಲ್ಲದರ ನಕಲು ಇಟ್ಟೆ. ಆಗ ಅಂಗಡಿಯವರು ಮಾತಿಗೆ ಬಂದರು. ಅವರ ಪ್ರಶ್ನೆಯಲ್ಲಿ ನ್ಯಾಯವೂ ಇತ್ತು. ಸೀಸ ಅರಿಶಿನದಿಂದಲೋ ಕಾಡಿಗೆಯಿಂದಲೋ ಗೋಡೆಯ ಹಳೇ ಬಣ್ಣದಿಂದಲೋ ಯಾಕೆ ಬಂದಿರಬಾರದು ಅಂತ ಕೇಳಿದರು. ಬರಬಹುದು, ಹಾಗೆ ಬಂದ ಮಕ್ಕಳು ಇದ್ದಾರೆ. ಅದಕ್ಕೆ ಡಾಕ್ಟರು ಮೊದಲೇ ಒಂದು ಉಪಾಯ ಹೇಳಿದ್ದರು. ಏಳು ವರ್ಷದ ನಮ್ಮ ಮಗನದೂ ಟೆಸ್ಟ್ ಮಾಡಿಸಿದ್ದೆವು. ಅದೇ ಮನೆ, ಅದೇ ಸಾರು, ಅದೇ ಅರಿಶಿನ. ಅವನು ಆಟಿಕೆ ಬಾಯಿಗೆ ಹಾಕುವ ವಯಸ್ಸಿನವನಲ್ಲ. ಅವನ ರಿಪೋರ್ಟ್ 2ರ ಒಳಗೆ ಬಂದಿತ್ತು. ಎರಡು ರಿಪೋರ್ಟ್ ಅಕ್ಕಪಕ್ಕ ಇಟ್ಟ ಮೇಲೆ ಆ ವಾದ ಮುಂದುವರಿಯಲಿಲ್ಲ.

ಕೊನೆಗೆ ಆಟಿಕೆ ಬೆಲೆ, ಇಬ್ಬರ ಟೆಸ್ಟ್, ಡಾಕ್ಟರ ಫೀ ಕೊಡಲು ಒಪ್ಪಿದರು. ಸಹಿಗೆ ತಂದ ಕಾಗದದಲ್ಲಿ "ಇನ್ನು ಮುಂದೆ ಯಾವ ತಕರಾರೂ ಇಲ್ಲ" ಅಂತ ಒಂದು ಸಾಲು ಇತ್ತು. ಅದಕ್ಕೆ ನಾನು ಸಹಿ ಮಾಡಲಿಲ್ಲ. ಮಗಳ ಸೀಸ ಇಳಿಯಿತೋ ಇಲ್ಲವೋ ನನಗೇ ಇನ್ನೂ ಗೊತ್ತಿಲ್ಲ, ತಕರಾರು ಇಲ್ಲ ಅಂತ ಹೇಗೆ ಬರೆದುಕೊಡಲಿ? ಆ ಸಾಲು ಹೊಡೆಸಿ, ಮಟ್ಟ 5ಕ್ಕಿಂತ ಕೆಳಗೆ ಬರುವವರೆಗಿನ ಟೆಸ್ಟ್ ಬಿಲ್ ಅಂಗಡಿಯೇ ಕೊಡಬೇಕು ಅಂತ ಬರೆಸಿದೆ. ರಜೆ ಹಾಕಿದ್ದಕ್ಕೂ ಓಡಾಟಕ್ಕೂ ಕೊಡುವುದಿಲ್ಲ ಅಂದರು. ಅದನ್ನು ಬಿಟ್ಟೆ. ಮುಂದಿನ ಟೆಸ್ಟ್‌ನ ಮಾತು ಮಾತ್ರ ಬಿಡಲು ಮನಸ್ಸಿರಲಿಲ್ಲ. 2007ರಲ್ಲಿ ಅಮೆರಿಕದಲ್ಲಿ ಮ್ಯಾಟೆಲ್ ಕಂಪನಿ ಸೀಸದ ಬಣ್ಣವಿದ್ದ ಆಟಿಕೆ ವಾಪಸ್ ಪಡೆದಾಗ ಅಲ್ಲಿನ ತಂದೆ ತಾಯಂದಿರು ಮಕ್ಕಳ ಟೆಸ್ಟ್ ಖರ್ಚನ್ನೇ ಕೇಳಿ ಕೋರ್ಟಿಗೆ ಹೋಗಿದ್ದರು. ಇದು ಅತಿಯಾಸೆಯ ಬೇಡಿಕೆ ಅಲ್ಲ. ಎರಡನೇ ಟೆಸ್ಟ್‌ನಲ್ಲಿ 6 ಬಂತು, ಬಿಲ್ ಅಂಗಡಿಯವರೇ ಕೊಟ್ಟರು. ಮುಂದಿನದು ಬಾಕಿ ಇದೆ.

ರಿಪೋರ್ಟ್ ನಾರ್ಮಲ್ ಬಂದರೆ ಏನು ಮಾಡಬೇಕು? ಹಾನಿ ಆಗಿದೆ ಅನ್ನುವ ವಾದ ಆಗ ಗಟ್ಟಿ ನಿಲ್ಲುವುದಿಲ್ಲ. ಆದರೂ ಮಾರಬಾರದ್ದನ್ನು ಮಾರಿದ್ದರಿಂದಲೇ ಆ ಟೆಸ್ಟ್ ಮಾಡಿಸಬೇಕಾಯಿತು, ಅಲ್ವಾ? ನೋಟಿಸಿನಲ್ಲಿ ಅದನ್ನೂ ಕೇಳಿ ಅಂತಲೇ ನಾನು ಹೇಳುತ್ತೇನೆ. ಜಾತ್ರೆಯಲ್ಲಿ ನಗದು ಕೊಟ್ಟು ಕೊಂಡದ್ದಾದರೆ ಕೇಳಲು ಯಾರೂ ಸಿಗುವುದಿಲ್ಲ. ಅಂಗನವಾಡಿಗೆ ಬರುವ, ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆಯಾದ ಆರ್‌ಬಿಎಸ್‌ಕೆ ತಂಡ ರಕ್ತಹೀನತೆ, ಬೆಳವಣಿಗೆ ಎಲ್ಲ ಉಚಿತವಾಗಿ ನೋಡುತ್ತದೆ, ಅಲ್ಲಿಂದ ಶುರು ಮಾಡಬಹುದು.

ಅಂಗಡಿಯವರು ಒಪ್ಪದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ನಮ್ಮ ಜಿಲ್ಲೆಯದು ಧಾರವಾಡದಲ್ಲಿ, ಗದಗ, ಹಾವೇರಿಯವರಿಗೆ ಅವರವರ ಜಿಲ್ಲೆಯದು. ಆನ್‌ಲೈನ್‌ನಲ್ಲಿ ಕೊಂಡಿದ್ದರೂ ನೀವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಫೀ ಇಲ್ಲ, ವಕೀಲರೂ ಕಡ್ಡಾಯವಲ್ಲ.