ಹಾಡೋರು ಎಲ್ಲಿ ಕೂತಿದ್ದಾರೆ?

ಮನೆಗೆ 5.1 ಸೆಟ್, ಅಂದರೆ ಐದು ಸ್ಪೀಕರ್ ಜೊತೆಗೆ ದಪ್ಪ ಧ್ವನಿಗೆಂದೇ ಒಂದು ಸಬ್‌ವೂಫರ್, ಬಂದ ದಿನ ಸಿನಿಮಾ ಹಾಕಿದೆವು. ಹೆಲಿಕಾಪ್ಟರ್ ತಲೆ ಮೇಲೆ ಹಾರಿತು, ಮಳೆ ಬೆನ್ನ ಹಿಂದೆ ಸುರಿಯಿತು. ಮಗ ಕುಣಿದಾಡಿದ. ಮರುದಿನ ಬೆಳಿಗ್ಗೆ ಅಮ್ಮನಿಗೆಂದು ಗಂಗೂಬಾಯಿ ಹಾನಗಲ್ ಅವರ ಗಾಯನ ಹಾಕಿದೆ. ಅಮ್ಮ ಐದು ನಿಮಿಷ ಸುಮ್ಮನೆ ಕೇಳಿದರು. ಆಮೇಲೆ, "ಹಾಡೋರು ಎಲ್ಲಿ ಕೂತಿದ್ದಾರೋ? ಒಂದ್ಸಲ ಬಾಗಿಲ ಹತ್ರ, ಒಂದ್ಸಲ ಬೀರು ಒಳಗೆ. ನಮ್ಮ ರೇಡಿಯೋನೇ ವಾಸಿ ಇತ್ತು" ಅಂದರು.

ಇಷ್ಟು ದುಡ್ಡು ಸುರಿದ ಮೇಲೆ ಇಂಥ ಮಾತು ಕೇಳಿದರೆ ಉರಿಯುತ್ತದೆ, ಅಲ್ವಾ? ಆದರೆ ಅಮ್ಮ ಹೇಳಿದ್ದು ನಿಜವಾಗಿತ್ತು. ರೇಡಿಯೋದಲ್ಲಿ ಇದ್ದದ್ದು ಒಂದೇ ಸ್ಪೀಕರ್. ಧ್ವನಿ ಒಂದೇ ಕಡೆಯಿಂದ ಬರುತ್ತಿತ್ತು. ನಮ್ಮಲ್ಲಿ ಐದು ಸ್ಪೀಕರ್ ಐದು ಕಡೆಯಿಂದ ಒಂದೇ ಹಾಡನ್ನು ಕೂಗುತ್ತಿದ್ದವು.

ಮೊದಲು ರಿಮೋಟ್ ಹಿಡಿದು ನೋಡಿದೆ. ಸೆಟ್ ಜೋಡಿಸಲು ಬಂದ ಹುಡುಗ 'ಆಲ್ ಚಾನೆಲ್ ಸ್ಟೀರಿಯೋ' ಒತ್ತಿ ಹೋಗಿದ್ದ. ಹಬ್ಬದ ದಿನ ಮನೆ ತುಂಬಾ ಜನ ಓಡಾಡುವಾಗ ಅದು ಒಳ್ಳೆಯದೇ. ಕೂತು ಕೇಳುವುದಕ್ಕೆ ಮಾತ್ರ ಅದು ಬೇಡವೇ ಬೇಡ. ನಾವು ಕೇಳುವ ಹಾಡುಗಳಲ್ಲಿ ಬಹುಪಾಲು ಎಡ, ಬಲ ಎಂಬ ಎರಡೇ ಚಾನೆಲ್‌ನವು. ಅವಕ್ಕೆ 'ಸ್ಟೀರಿಯೋ' ಸಾಕು: ಮುಂದಿನ ಎರಡು ಸ್ಪೀಕರ್, ಜೊತೆಗೆ ಸಬ್‌ವೂಫರ್. ಒಂದೇ ಚಾನೆಲ್‌ನ ಹಳೆಯ ಮೋನೋ ಹಾಡುಗಳಿಗೂ ಇದೇ ಸರಿ. ಅವನ್ನು ಐದೂ ಸ್ಪೀಕರ್‌ಗೆ ಧ್ವನಿ ಹಂಚುವ ಸರೌಂಡ್ ಮೋಡ್‌ನಲ್ಲಿ ಹಾಕಿದರೆ ಎಡಬಲ ಎರಡರಲ್ಲೂ ಒಂದೇ ಧ್ವನಿ ಇರುವುದರಿಂದ ಇಡೀ ಹಾಡು ಸೆಂಟರ್ ಸ್ಪೀಕರ್‌ಗೆ ಹೋಗುತ್ತದೆ. ಟಿವಿ ಕೆಳಗೆ ಅಡ್ಡ ಮಲಗಿರುವ ಆ ಪುಟ್ಟ ಡಬ್ಬಿಯಿಂದ ಹಾರ್ಮೋನಿಯಂ, ತಬಲಾ, ಗಾಯಕಿ ಎಲ್ಲರೂ ಒಟ್ಟಿಗೆ ಹೊರಬರಲು ತಿಣುಕಾಡುತ್ತಾರೆ.

ಸ್ಟೀರಿಯೋ ಹಾಕಿದ ಮೇಲೂ ಧ್ವನಿ ನಡುವೆ ನಿಲ್ಲಲಿಲ್ಲ. ಏನೋ ಹರಡಿದಂತೆ, ತೆಳ್ಳಗೆ. ಎರಡು ದಿನ ತಲೆಕೆರೆದುಕೊಂಡ ಮೇಲೆ ಸ್ಪೀಕರ್ ಹಿಂಭಾಗಕ್ಕೆ ಟಾರ್ಚ್ ಹಾಕಿ ನೋಡಿದೆ. ಎಡಗಡೆಯದರಲ್ಲಿ ಕೆಂಪು ವೈರು ಕಪ್ಪು ಪಿನ್ನಿಗೆ, ಕಪ್ಪು ವೈರು ಕೆಂಪಿಗೆ! ಹೀಗಾದರೆ ಒಂದು ಸ್ಪೀಕರ್‌ನ ಕೋನ್ ಹೊರಗೆ ಬರುವಾಗ ಇನ್ನೊಂದರದ್ದು ಒಳಗೆ ಹೋಗುತ್ತದೆ. ಬೇಸ್, ಅಂದರೆ ತಗ್ಗಿನ ದಪ್ಪ ಧ್ವನಿ, ಒಂದಕ್ಕೊಂದು ಹೊಡೆದುಹೋಗುತ್ತದೆ, ಗಾಯಕರು ನಡುವಿನಿಂದ ಮಾಯವಾಗುತ್ತಾರೆ. ಬದಲಿಸಲು ಹಿಡಿದದ್ದು ಎರಡು ನಿಮಿಷ. ನಿಮ್ಮ ಮನೆಯಲ್ಲೂ ಒಮ್ಮೆ ನೋಡಿಬಿಡಿ.

ಆಮೇಲೆ ಶುರುವಾಯಿತು ಜಾಗದ ಜಗಳ. ಮುಂದಿನ ಸ್ಪೀಕರ್‌ಗಳು ಶೋಕೇಸಿನ ಒಳಗೆ ಕೂತಿದ್ದವು. ಹಿಂದೆ ಗಾಳಿ ಬಿಡುವ ತೂತು ಇರುವ ಸ್ಪೀಕರನ್ನು ಮರದ ಗೂಡಿನಲ್ಲಿ ಇಟ್ಟರೆ ಕೊಡದೊಳಗೆ ಮುಖ ಇಟ್ಟು ಹಾಡಿದ ಹಾಗೆ. ಹೆಂಡತಿಗೆ ಶೋಕೇಸೇ ಚಂದ ಕಾಣುತ್ತಿತ್ತು. "ಒಂದು ವಾರ ಹೊರಗಿಟ್ಟು ನೋಡೋಣ, ಬೇಡ ಅಂದ್ರೆ ವಾಪಸ್ ಇಡ್ತೀನಿ" ಎಂದು ಒಪ್ಪಿಸಿದೆ. ಆ ವಾರ ಇನ್ನೂ ಮುಗಿದಿಲ್ಲ.

ನಮ್ಮ ಹಾಲ್ 16 ಅಡಿ ಉದ್ದ, 11 ಅಡಿ ಅಗಲ. ಟಿವಿ ಗೋಡೆಯಿಂದ 2 ಅಡಿ ಮುಂದಕ್ಕೆ ಎರಡು ಸ್ಟ್ಯಾಂಡ್ ಹಾಕಿ, ಸ್ಪೀಕರ್‌ಗಳ ನಡುವೆ 8 ಅಡಿ ಬಿಟ್ಟೆ. ಡಬ್ಬಿಯೊಳಗಿನ ತಾರದ ಧ್ವನಿಯ ಚಿಕ್ಕ ಕೋನ್, ಅಂದರೆ ಟ್ವೀಟರ್, ಕೂತವರ ಕಿವಿಯ ಎತ್ತರಕ್ಕೆ ಬರಬೇಕು. ಅಮ್ಮನ ಬೆತ್ತದ ಕುರ್ಚಿ ತಗ್ಗು. ಹಾಗಾಗಿ ಸ್ಟ್ಯಾಂಡನ್ನು ಬಡಗಿಯಿಂದ ನಾಲ್ಕು ಇಂಚು ಕೊಯ್ಯಿಸಿದೆ. ಎರಡೂ ಸ್ಪೀಕರ್‌ಗಳ ಮುಖವನ್ನು ಸ್ವಲ್ಪ ಕುರ್ಚಿಯ ಕಡೆ ತಿರುಗಿಸಿದೆ.

ಕುರ್ಚಿ ಎಲ್ಲಿ ಇಡುವುದು? ಸೋಫಾ ಇದ್ದದ್ದು ಹಿಂದಿನ ಗೋಡೆಗೆ ಅಂಟಿಕೊಂಡು. ಗೋಡೆಯ ಹತ್ತಿರ ಬೇಸ್ ದಪ್ಪವಾಗಿ ಊದಿಕೊಳ್ಳುತ್ತದೆ, ತಬಲಾದ ಡಗ್ಗ 'ಧುಂ' ಎನ್ನುವ ಬದಲು 'ಧೂಊಊ' ಎನ್ನುತ್ತದೆ. ಸರಿ ಎಂದು ಕುರ್ಚಿಯನ್ನು ಕೋಣೆಯ ನಟ್ಟನಡುವೆ ತಂದೆ. ಈಗ ಬೇಸ್ ಗಿಟಾರಿನ ಕೆಳಗಿನ ಸ್ವರಗಳೇ ನಾಪತ್ತೆ! ಕಾರಣ ಸರಳ. 16 ಅಡಿ ಉದ್ದದ ಕೋಣೆಯಲ್ಲಿ ಸುಮಾರು 35 ಹರ್ಟ್ಸ್‌ನ ಧ್ವನಿ ಎರಡು ಗೋಡೆಗಳ ನಡುವೆ ತೂಗಾಡುತ್ತಾ ನಿಲ್ಲುತ್ತದೆ. ಗೋಡೆಯ ಬಳಿ ಅದು ಅತಿ ಜಾಸ್ತಿ, ನಟ್ಟನಡುವೆ ಹೆಚ್ಚುಕಮ್ಮಿ ಸೊನ್ನೆ. ಅದರ ಅಕ್ಕಪಕ್ಕದ ಸ್ವರಗಳಿಗೂ ಹೊಡೆತ ಬೀಳುತ್ತದೆ. ಕುರ್ಚಿಯನ್ನು ಎರಡಡಿ ಹಿಂದೆ ಸರಿಸಿದೆ. ಸ್ವರಗಳು ವಾಪಸ್ ಬಂದವು. ಅಳತೆ ಟೇಪ್ ಬಿಟ್ಟರೆ ಇದಕ್ಕೆ ಬೇರೇನೂ ಬೇಕಾಗಲಿಲ್ಲ.

ಸಬ್‌ವೂಫರ್ ಜಾಗ ಹುಡುಕಿದ ಕಥೆ ಇನ್ನೂ ಮಜಾ. ಅಷ್ಟು ಭಾರದ ಡಬ್ಬಿಯನ್ನು ಕೋಣೆಯೆಲ್ಲಾ ಎಳೆದಾಡುವ ಬದಲು ಅದನ್ನೇ ಕೇಳುವವರ ಕುರ್ಚಿಯ ಮೇಲೆ ಕೂರಿಸಬೇಕು. ಬೇಸ್ ಇರುವ ಹಾಡು ಹಾಕಿ, ನಾವು ನೆಲದಲ್ಲಿ ಅಂಬೆಗಾಲಿಡುತ್ತಾ ಗೋಡೆಗುಂಟ ಹೋಗಬೇಕು. ಎಲ್ಲಿ ಬೇಸ್ ಊದದೆ, ಸೊರಗದೆ, ಪ್ರತಿ ಪೆಟ್ಟು ಬಿಡಿಬಿಡಿಯಾಗಿ ಕೇಳುತ್ತದೋ ಅದೇ ಅದರ ಜಾಗ. ನಾನು ಹೀಗೆ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕಿವಿ ಕೊಟ್ಟು ಕೂತಿದ್ದಾಗ ಎದುರು ಮನೆಯವರು ಹೆಪ್ಪಿಗೆ ಮೊಸರು ಕೇಳಲು ಬಂದರು. ಏನೂ ಕೇಳಲಿಲ್ಲ. ಮೊಸರು ತಗೊಂಡು ಹೋದರು. ಅಂಗಡಿ ಹುಡುಗ ಸಬ್ ಇಟ್ಟಿದ್ದ ಮೂಲೆಯೇ ನಮ್ಮ ಕೋಣೆಯ ಅತಿ ಕೆಟ್ಟ ಜಾಗ ಎಂದು ಗೊತ್ತಾಯಿತು. ಈಗ ಅದು ಬಲಗೋಡೆಗೆ, ಮೂಲೆಯಿಂದ ಐದಡಿ ಆಚೆ ಇದೆ.

ಇನ್ನು ಸ್ಪೀಕರ್‌ಗಳನ್ನೆಲ್ಲಾ ನಡೆಸುವ ಪೆಟ್ಟಿಗೆ, ಅಂದರೆ ರಿಸೀವರ್, ಜೊತೆ ಬಂದ ಮೈಕ್. ಅದನ್ನು ಕಿವಿಯ ಎತ್ತರದಲ್ಲಿಟ್ಟರೆ ಸ್ಪೀಕರ್‌ಗಳ ದೂರ, ಮಟ್ಟ ಎಲ್ಲವನ್ನೂ ಅದೇ ಅಳೆದುಕೊಳ್ಳುತ್ತದೆ. ಫ್ಯಾನ್ ಆರಿಸಿದೆ, ಕಿಟಕಿ ಹಾಕಿದೆ. ಮೂರನೇ ಸ್ಪೀಕರ್ ಅಳೆಯುವಾಗ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಪುನಃ ಮೊದಲಿಂದ. ರಾತ್ರಿ ಹನ್ನೊಂದಕ್ಕೆ ಮಾಡಿದರೆ ಅಕ್ಕಪಕ್ಕದವರ ನಿದ್ದೆ ಕೆಡುತ್ತದೆ. ಕೊನೆಗೆ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮುಗಿಸಿದೆ.

ಅದು ಹೇಳಿದ್ದನ್ನೆಲ್ಲಾ ನಾನು ಒಪ್ಪಲಿಲ್ಲ. ನಮ್ಮ ಐದಿಂಚಿನ ಸ್ಪೀಕರ್‌ಗಳನ್ನು ಅದು 'ಲಾರ್ಜ್', ಅಂದರೆ ಬೇಸನ್ನೂ ತಾವೇ ಹೊರುವಂಥವು, ಎಂದು ಬರೆದುಕೊಂಡಿತ್ತು. 'ಸ್ಮಾಲ್' ಮಾಡಿ, ಸ್ಪೀಕರ್‌ಗೂ ಸಬ್‌ಗೂ ಧ್ವನಿ ಹಂಚುವ ಗಡಿಯನ್ನು, ಅಂದರೆ ಕ್ರಾಸ್‌ಓವರ್ ಅನ್ನು, 80 ಹರ್ಟ್ಸ್‌ಗೆ ಇಟ್ಟೆ. ಅದಕ್ಕಿಂತ ಕೆಳಗಿನ ಧ್ವನಿಯ ಭಾರವೆಲ್ಲಾ ಸಬ್‌ಗೆ ಹೋಯಿತು, ಚಿಕ್ಕ ಸ್ಪೀಕರ್‌ಗಳು ಹಗುರಾಗಿ ಹಾಡತೊಡಗಿದವು. ಸಬ್‌ನ ದೂರವನ್ನು ಟೇಪಿನ ಅಳತೆಗಿಂತ ಜಾಸ್ತಿ ತೋರಿಸಿತ್ತು. ಅದನ್ನು ಮುಟ್ಟಲಿಲ್ಲ. ಸಬ್‌ನ ಒಳಗೆ ಆಗುವ ತಡವನ್ನೂ ಲೆಕ್ಕ ಹಿಡಿದು ಹೇಳುವ ಅಂಕಿ ಅದು. ಸಬ್‌ನ ಮಟ್ಟವನ್ನು ಮಾತ್ರ ಹಾಡಿಗೆಂದು 3 ಡೆಸಿಬಲ್ ಇಳಿಸಿದೆ. ಸಬ್ ಎಲ್ಲಿದೆ ಎಂದು ಬಂದವರಿಗೆ ತಿಳಿದರೆ ಅದು ಜಾಸ್ತಿಯಾಯಿತು ಎಂದೇ ಅರ್ಥ. ರಾತ್ರಿ ಸಿನಿಮಾಕ್ಕೆಂದು ಹಾಕಿದ್ದ 'ನೈಟ್ ಮೋಡ್' ತೆಗೆದೆ. ಅದು ಮೆಲ್ಲನೆಯ ಆಲಾಪವನ್ನೂ ಜೋರಿನ ತಾನವನ್ನೂ ಒಂದೇ ಮಟ್ಟಕ್ಕೆ ತಂದು ಚಪ್ಪಟೆ ಮಾಡುತ್ತಿತ್ತು.

ಇಷ್ಟೆಲ್ಲಾ ಆದರೂ ಧ್ವನಿಯಲ್ಲಿ ಒಂದು ಗಡಸುತನ ಉಳಿದಿತ್ತು. ಕೋಣೆಯ ನಡುವೆ ನಿಂತು ಚಪ್ಪಾಳೆ ತಟ್ಟಿದೆ. 'ಟ್ರ್‌ರ್‌' ಎಂದು ಮರುದನಿ. ಟೈಲ್ಸ್ ನೆಲ, ಬೋಳು ಗೋಡೆ, ಇನ್ನೇನಾಗುತ್ತದೆ? ಅಟ್ಟದಲ್ಲಿದ್ದ ಜಮಖಾನ ಇಳಿಸಿ ಸ್ಪೀಕರ್‌ಗೂ ಕುರ್ಚಿಗೂ ನಡುವೆ ಹಾಸಿದೆ. ಮಗನ ಕೈಗೆ ಕನ್ನಡಿ ಕೊಟ್ಟು ಪಕ್ಕದ ಗೋಡೆಗೆ ಒತ್ತಿ ಸರಿಸುತ್ತಾ ಹೋಗಲು ಹೇಳಿದೆ. ಕುರ್ಚಿಯಲ್ಲಿ ಕೂತವರಿಗೆ ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗದಿಂದಲೇ ಧ್ವನಿ ಪುಟಿದು ಕಿವಿಗೆ ಬರುವುದು. ಎಡಕ್ಕೆ ಕಿಟಕಿಯ ದಪ್ಪ ಪರದೆ ಎಳೆದೆ, ಬಲಕ್ಕೆ ಪುಸ್ತಕದ ಕಪಾಟು ಸರಿಸಿದೆ. ನನ್ನ ಲೆಕ್ಕದಲ್ಲಿ ಇಡೀ ಕೆಲಸದಲ್ಲಿ ಕಿವಿಗೆ ಅತಿ ದೊಡ್ಡ ವ್ಯತ್ಯಾಸ ತಂದದ್ದು ಆ ಹಳೇ ಜಮಖಾನ. ವಾಸನೆ ಹೋಗಲು ಮಾತ್ರ ಎರಡು ದಿನ ಬಿಸಿಲು ಬೇಕಾಯಿತು.

ಹಾಗಾದರೆ ಹಿಂದಿನ ಎರಡು ಸ್ಪೀಕರ್ ದಂಡವೇ? ಇಲ್ಲ. ಸೂರಿನ ಮೂಲೆಯಿಂದ ಇಳಿಸಿ ಕುರ್ಚಿಯ ಎರಡು ಪಕ್ಕ, ತುಸು ಹಿಂದಕ್ಕೆ ತಂದೆ. ನೇರ ಮುಂದನ್ನು ಸೊನ್ನೆ ಎಂದುಕೊಂಡರೆ ಸುಮಾರು 110 ಡಿಗ್ರಿ. ಸಂಗೀತ ಕಚೇರಿಯಲ್ಲೇ ರೆಕಾರ್ಡ್ ಮಾಡಿದ್ದನ್ನು ಕೇಳುವಾಗ ಸರೌಂಡ್ ಮೋಡ್ ಹಾಕಿ, ಅವುಗಳ ಮಟ್ಟ ಇಳಿಸುತ್ತೇನೆ. ಆಗ ಹಾಡು ಮುಂದೆಯೇ ಇರುತ್ತದೆ. ಸಭೆಯವರ 'ಭಲೆ', ಕೆಮ್ಮು, ಚಪ್ಪಾಳೆ ಸುತ್ತ ಹರಡಿಕೊಳ್ಳುತ್ತವೆ.

ಅಮ್ಮನಿಗೆ ಇದೇನನ್ನೂ ವಿವರಿಸಲಿಲ್ಲ. ಅದೇ ಗಾಯನ ಮತ್ತೆ ಹಾಕಿ ಕುರ್ಚಿಯಲ್ಲಿ ಕೂರಿಸಿದೆ. ಪೂರ್ತಿ ಕೇಳಿದರು. ಕಾಫಿ ಆರಿಹೋಯಿತು. ಕುರ್ಚಿಯ ಕಾಲುಗಳ ಸುತ್ತ ನೆಲಕ್ಕೆ ಟೇಪ್ ಅಂಟಿಸಿದೆ.

ಹೋದ ದಸರೆಗೆ ಶೋಕೇಸಿನ ಖಾಲಿ ಗೂಡುಗಳಲ್ಲಿ ಬೊಂಬೆ ಕೂತವು. ಎಲ್ಲಾ ಎತ್ತಿಟ್ಟ ಮರುದಿನ ಅಮ್ಮ ಹಾಡು ಹಾಕಿಸಿಕೊಂಡವರು, "ಲೋ, ಇವತ್ತು ಇವರು ಕಿಟಕಿ ಕಡೆ ಸರಿದು ಕೂತಿದ್ದಾರೆ ನೋಡು" ಅಂದರು. ಟೇಪ್ ತಂದು ಅಳೆದೆ. ನೆಲ ಒರೆಸುವಾಗ ಯಾರೋ ಕಿಟಕಿ ಪಕ್ಕದ ಸ್ಪೀಕರನ್ನು ಅರ್ಧ ಅಡಿ ಕುರ್ಚಿಯ ಹತ್ತಿರಕ್ಕೆ ತಳ್ಳಿದ್ದರು.