ಸವಳು ನೀರಿನಲ್ಲಿ ಅರೋವಾನಾ ಸಾಕಿದ ನನ್ನ ಅನುಭವ

ರಾತ್ರಿ ಚೆನ್ನಾಗಿ ತಿಂದು ಓಡಾಡಿಕೊಂಡಿದ್ದ ದೊಡ್ಡ ಮೀನು ಬೆಳಗಾಗುವಷ್ಟರಲ್ಲಿ ಸತ್ತು ತೇಲುತ್ತಿದ್ದರೆ ಅದಕ್ಕೆ ಹಾರ್ಟ್ ಅಟ್ಯಾಕ್ ಆಗಿದೆ ಎಂದು ಹೇಳುವ ರೂಢಿ ನಮ್ಮ ಹವ್ಯಾಸದವರಲ್ಲಿ ಬಹಳ ಹಿಂದಿನಿಂದಲೂ ಇದೆ. ವಿಜಯಪುರದಲ್ಲಿ ನಾನು ಬೇಟೆಗಾರ ಮೀನುಗಳನ್ನು ಸಾಕಲು ತೊಡಗಿದ ಮೊದಲ ಮೂರು ವರ್ಷಗಳಲ್ಲಿ ಇಂಥ ನಾಲ್ಕು ಸಾವುಗಳನ್ನು ಕಂಡೆ. ಮೀನುಗಳ ಬೆಲೆ, ಅವುಗಳಿಗೆ ಹಾಕಿದ ಆಹಾರ, ಸಲಹೆ ಕೇಳಿ ಕೊಂಡ ಔಷಧಿ ಎಲ್ಲ ಸೇರಿ ಸುಮಾರು 70,000 ರೂಪಾಯಿ ಹೋಗಿರಬೇಕು. ಈಗ ನನ್ನ ಬಳಿ ಇರುವ ಸಿಲ್ವರ್ ಅರೋವಾನಾ ಆರು ವರ್ಷ ದಾಟಿದೆ, ಎರಡೂವರೆ ಅಡಿಯ ಹತ್ತಿರ ಬೆಳೆದಿದೆ. ನಮ್ಮ ಬೋರಿನ ಸವಳು ನೀರಿನಲ್ಲಿ, ಅಂದರೆ ಲವಣ ತುಂಬಿದ ಗಡಸು ನೀರಿನಲ್ಲಿ, ಅದು ಆರು ತಿಂಗಳೂ ಉಳಿಯುವುದಿಲ್ಲ ಎಂದು ಪಂಥ ಕಟ್ಟಿದವರೇ ಈಚೆಗೆ ಮನೆಗೆ ಬಂದು ನೋಡಿಕೊಂಡು ಹೋಗುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯ ಸಾವು ಅರೋವಾನಾದ್ದು. ಅಮೆಜಾನಿನ ಮೀನು, ಮೆದು ನೀರು ಬೇಕು ಎಂದು ಎಲ್ಲರೂ ಹೇಳಿದ್ದರು. ಅಂಗಡಿಯವರಂತೂ, "ಸರ, ಸವಳ ನೀರಾಗ ಈ ಮೀನ ಉಳಿಯಂಗಿಲ್ರಿ, ಆರ್‌ಒ ಹಾಕ್ರಿ" ಎಂದು ಖಚಿತವಾಗಿ ಹೇಳಿದ್ದರಿಂದ, ಆರು ಅಡಿ ಉದ್ದ, ಎರಡೂವರೆ ಅಡಿ ಅಗಲ, ಎರಡು ಅಡಿ ಎತ್ತರದ ಟ್ಯಾಂಕಿಗೆ ಪೂರ್ತಿಯಾಗಿ, ಲವಣ ಸೋಸಿ ತೆಗೆದ ಆರ್‌ಒ ನೀರನ್ನೇ ತುಂಬಿಸಿದೆ. ಎಂಟು ತಿಂಗಳು ಎಲ್ಲವೂ ಚೆನ್ನಾಗಿಯೇ ಇತ್ತು. ಆಮೇಲೆ ಮೀನು ಮಂಕಾಯಿತು. ಚಿಕನ್ ತುಂಡನ್ನು ಬಾಯಿಗೆ ತೆಗೆದುಕೊಂಡು ಉಗುಳುತ್ತಿತ್ತು. ಪಿಎಚ್ ನೋಡಿದರೆ ಕಿಟ್ಟಿನ ಕಟ್ಟಕಡೆಯ ಹಳದಿ, ಅಂದರೆ 6 ಅಥವಾ ಅದಕ್ಕಿಂತ ಕೆಳಗೆ. ಅಮೋನಿಯಾ ನೋಡಿದರೆ ಕಿಟ್ಟಿನ ತುತ್ತತುದಿಯ ಹಸಿರು. ಗಾಬರಿಯಾಗಿ ಅರ್ಧ ನೀರು ಹೊರಚೆಲ್ಲಿದೆ. ಅಷ್ಟು ಆರ್‌ಒ ನೀರು ಒಮ್ಮೆಲೇ ಸಿಗದ ಕಾರಣ ಬೋರಿನ ನೀರನ್ನೇ ನೇರವಾಗಿ ತುಂಬಿದೆ. ನಾಲ್ಕು ತಾಸಿನೊಳಗೆ ಮೀನು ಮೇಲ್ಮೈಗೆ ಬಂದು ಕಿವಿರಿನ ಮುಚ್ಚಳಗಳನ್ನು ಅಗಲವಾಗಿ ತೆರೆದು ಉಸಿರಿಗೆ ಒದ್ದಾಡಿತು, ಒಂದು ಮಗ್ಗುಲಿಗೆ ಹೊರಳಿತು, ದವಡೆ ತೆರೆದುಕೊಂಡೇ ಸತ್ತಿತು.

ಆ ಮೀನನ್ನು ಕೊಂದದ್ದು ಸವಳು ನೀರು ಎಂದು ಎಲ್ಲರೂ ತೀರ್ಮಾನಿಸಿದರು, ಒಂದು ವರ್ಷ ನಾನೂ ಅದನ್ನೇ ನಂಬಿದ್ದೆ. ಆದರೆ ಸಾವಿನ ತಯಾರಿ ನಡೆದದ್ದು ಆ ಹಿಂದಿನ ತಿಂಗಳುಗಳಲ್ಲಿ, ಆರ್‌ಒ ನೀರಿನಲ್ಲಿ. ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡುವಾಗ ನಮ್ಮ ಫಿಲ್ಟರಿನ ಬ್ಯಾಕ್ಟೀರಿಯಾ ಸುಮಾರು 7 ಗ್ರಾಂ ಕ್ಷಾರತೆಯನ್ನು, ಅಂದರೆ ಪಿಎಚ್ ಬೀಳದಂತೆ ತಡೆಯುವ ಲವಣಾಂಶವನ್ನು, ತಿಂದುಹಾಕುತ್ತದೆ. ದಿನಕ್ಕೆ 30 ಗ್ರಾಂ ಒಣ ಆಹಾರಕ್ಕೆ ಸಮನಾಗುವಷ್ಟು ತಿನ್ನಿಸಿದರೆ ಹೆಚ್ಚು ಕಡಿಮೆ ಒಂದು ಗ್ರಾಂ ಸಾರಜನಕ ಕಿವಿರಿನಿಂದ ನೀರಿಗೆ ಬರುತ್ತದೆ. ನನ್ನ 800 ಲೀಟರಿನ ಟ್ಯಾಂಕಿನಲ್ಲಿ ಅದು ದಿನಕ್ಕೆ ಲೀಟರಿಗೆ 8 ಅಥವಾ 9 ಮಿಲಿಗ್ರಾಂ ಕ್ಷಾರತೆಯ ಖರ್ಚು, ಅಂದರೆ ಕ್ಷಾರತೆಯನ್ನು ನಾವು ಅಳೆಯುವ ಕೆಎಚ್ ಲೆಕ್ಕದಲ್ಲಿ ಎರಡು ದಿನಕ್ಕೆ ಒಂದು ಡಿಗ್ರಿ. ಆರ್‌ಒ ನೀರಿನಲ್ಲಿದ್ದದ್ದೇ ಒಟ್ಟು ಒಂದು ಡಿಗ್ರಿಯಷ್ಟು. ಮರಿಗೆ ಹಾಕುತ್ತಿದ್ದ ಅಲ್ಪ ಆಹಾರಕ್ಕೆ ಅದು ಹೇಗೋ ಸಾಕಾಯಿತು. ಮೀನು ಬೆಳೆದು ಆಹಾರ ಹೆಚ್ಚಿದಂತೆ ಕೆಎಚ್ ಬರಿದಾಯಿತು, ಪಿಎಚ್ ಕುಸಿಯಿತು, ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸಿತು, ಅಮೋನಿಯಾ ಗುಡ್ಡೆ ಬಿದ್ದಿತು. ಪಿಎಚ್ 6ರಲ್ಲಿ ಆ ಅಮೋನಿಯಾ ಬಹುಪಾಲು ನಿರುಪದ್ರವಿ. 28 ಡಿಗ್ರಿ ಶಾಖದಲ್ಲಿ ಅದರ ವಿಷರೂಪ ಶೇ. 0.1ಕ್ಕಿಂತಲೂ ಕಡಿಮೆ. ಬೋರಿನ ನೀರು ಸೇರಿ ಪಿಎಚ್ 8ಕ್ಕೆ ಏರಿದೊಡನೆ ಅದೇ ಪಾಲು ಶೇ. 6 ದಾಟುತ್ತದೆ. ನಾನು ಅರ್ಧ ಅಮೋನಿಯಾವನ್ನು ಹೊರಚೆಲ್ಲಿ, ಉಳಿದ ಅರ್ಧವನ್ನು ಕೆಲವೇ ನಿಮಿಷಗಳಲ್ಲಿ ವಿಷವಾಗಿ ಮಾರ್ಪಡಿಸಿದ್ದೆ.

ಈ ಸ್ಥಿತಿಗೆ ತಲುಪಿದ ಟ್ಯಾಂಕನ್ನು ಆಮೇಲೆ ಸ್ನೇಹಿತರ ಮನೆಗಳಲ್ಲಿ ಎರಡು ಬಾರಿ ಉಳಿಸಿಕೊಟ್ಟಿದ್ದೇನೆ. ಆಹಾರವನ್ನು ಪೂರ್ತಿ ನಿಲ್ಲಿಸಿ, ಅದೇ ಮೆದು ನೀರಿನಿಂದ ಸ್ವಲ್ಪ ಸ್ವಲ್ಪವೇ ಬದಲಿಸುತ್ತ ಮೊದಲು ಅಮೋನಿಯಾವನ್ನು ಇಳಿಸಬೇಕು. ಅದು ಇಳಿದ ಮೇಲೆಯೇ ನಾಲ್ಕೈದು ದಿನಗಳಲ್ಲಿ ಅಡಿಗೆ ಸೋಡಾದಿಂದ ಕೆಎಚ್ ಏರಿಸಬೇಕು. 100 ಲೀಟರಿಗೆ 3 ಗ್ರಾಂ ಹಾಕಿದರೆ ಒಂದು ಡಿಗ್ರಿ ಏರುತ್ತದೆ. ಈ ಕ್ರಮವನ್ನು ಹಿಂದುಮುಂದು ಮಾಡಿದರೆ ಮೀನು ಹೋಗುತ್ತದೆ.

ಎರಡನೆಯ ಸಾವು ರೆಡ್‌ಟೇಲ್ ಕ್ಯಾಟ್‌ಫಿಶ್‌ನದು, ಮೇ ತಿಂಗಳಿನದು. ರಾತ್ರಿ ಹತ್ತಕ್ಕೆ ಹೊಟ್ಟೆ ಉಬ್ಬುವಷ್ಟು ಚಿಕನ್ ಹಾಕಿ ಮಲಗಿದೆ, ಒಂದರ ಸುಮಾರಿಗೆ ಕರೆಂಟ್ ಹೋಯಿತು, ಬೆಳಗಿನ ಐದಕ್ಕೆ ನೋಡಿದಾಗ ಮೀನು ತಳದಲ್ಲಿ ಅಂಗಾತ ಬಿದ್ದಿತ್ತು. ಆ ದಿನ ಹೊಟ್ಟೆ ಕೊಯ್ದು ನೋಡಿದೆ. ಚಿಕನ್ ತುಂಡುಗಳು ಅಂಚು ಕೂಡ ಕರಗದೆ ಇಡಿಯಾಗಿದ್ದವು. ಪಿತ್ತಜನಕಾಂಗ ಕೆಂಪಗಿರಬೇಕಾದ ಕಡೆ ಮಣ್ಣಿನ ಹಳದಿಗೆ ತಿರುಗಿತ್ತು, ಮುಟ್ಟಿದರೆ ಬೆರಳಿಗೆ ಜಿಡ್ಡು ಹತ್ತುತ್ತಿತ್ತು. ಕರುಳಿನ ಸುತ್ತ ಗಟ್ಟಿಯಾದ ತುಪ್ಪದಂಥ ಬಿಳಿಯ ಕೊಬ್ಬು ಪದರ ಕಟ್ಟಿತ್ತು. ನೀರು 25 ಡಿಗ್ರಿ ಇರುವಾಗ ಹೆಚ್ಚೆಂದರೆ ಲೀಟರಿಗೆ 8.3 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ, 32 ಡಿಗ್ರಿಗೆ 7.3. ಆಮ್ಲಜನಕ ಕಡಿಮೆಯಿರುವ ಬಿಸಿ ನೀರು, ತಿಂದದ್ದನ್ನು ಅರಗಿಸಲು ಆಮ್ಲಜನಕ ಹೆಚ್ಚು ಬೇಡುವ ತುಂಬಿದ ಹೊಟ್ಟೆ, ನಿಂತುಹೋದ ಪಂಪು, ನೀರಿನ ಮೇಲೆ ಚಿಕನ್ ಕೊಬ್ಬಿನ ಎಣ್ಣೆಯ ಪೊರೆ: ಈ ನಾಲ್ಕೂ ಒಂದೇ ರಾತ್ರಿ ಕೂಡಿಬಂದಿದ್ದವು. ಅಂದಿನಿಂದ ಸಂಜೆಯ ಆಹಾರ ನಿಲ್ಲಿಸಿದ್ದೇನೆ. ಬೆಳಗ್ಗೆ ಎಂಟಕ್ಕೆ ಒಮ್ಮೆ, ವಾರಕ್ಕೆ ಎರಡು ದಿನ ಉಪವಾಸ. ಏರ್ ಪಂಪಿಗೆ ಬೇರೆ ಬ್ಯಾಟರಿ ಇಟ್ಟಿದ್ದೇನೆ, ಆಗ ಸುಮಾರು 6,000 ರೂಪಾಯಿ ಬಿದ್ದಿತ್ತು.

ಮೂರನೆಯದು ಪೀಕಾಕ್ ಬಾಸ್. ಒಂದೂವರೆ ವರ್ಷ ಅದಕ್ಕೆ ಬರೀ ಜೀವಂತ ಗೋಲ್ಡ್‌ಫಿಶ್ ಮರಿಗಳನ್ನು ಹಾಕಿದೆ. ತಿಂಗಳಿಗೆ 800 ರೂಪಾಯಿಯಾದರೂ ಅದಕ್ಕೇ ಹೋಗುತ್ತಿತ್ತು. ಕೊನೆಯ ವಾರಗಳಲ್ಲಿ ದೀಪ ಹಾಕಿದರೆ ಬೆಚ್ಚಿ ಗಾಜಿಗೆ ಬಡಿಯುತ್ತಿತ್ತು, ಆಮೇಲೆ ತಿರುಪಿನಂತೆ ಸುತ್ತಲು ಶುರುವಾಯಿತು, ಒಂದು ಮಧ್ಯಾಹ್ನ ಸೆಟೆದು ಸತ್ತಿತು. ಗೋಲ್ಡ್‌ಫಿಶ್ ಮತ್ತು ಕಾರ್ಪ್ ಮೀನುಗಳ ಮೈಯಲ್ಲಿ ಬಿ1 ಜೀವಸತ್ವವನ್ನು ನಾಶಮಾಡುವ ಥಯಾಮಿನೇಸ್ ಎಂಬ ಕಿಣ್ವ ಇರುತ್ತದೆ. ಫ್ರೀಜರಿನಲ್ಲಿ ಇಟ್ಟರೂ ಅದು ಸಾಯುವುದಿಲ್ಲ, ಬೇಯಿಸಿದರೆ ಮಾತ್ರ ಸಾಯುತ್ತದೆ. ಹೊಟ್ಟೆ ತುಂಬಿರುತ್ತದೆ, ಮೈ ದಪ್ಪಗಾಗುತ್ತದೆ, ನರಗಳು ಮಾತ್ರ ಒಳಗೊಳಗೇ ಸೊರಗುತ್ತವೆ.

ನಾಲ್ಕನೆಯದು ಮತ್ತೊಂದು ಅರೋವಾನಾ ಮರಿ. ಕಾಡಿನಲ್ಲಿ ಇವುಗಳ ಆಹಾರದಲ್ಲಿ ಜೀರುಂಡೆ, ಜೇಡಗಳದೇ ದೊಡ್ಡ ಪಾಲು ಎಂದು ಓದಿ, ಮಳೆ ನಿಂತ ಮೇಲೆ ಊರ ಹೊರಗಿನ ತೊಗರಿ ಹೊಲದಿಂದ ಮಿಡತೆ ಹಿಡಿದು ತಂದು ಹಾಕಿದೆ. ಮೂರು ದಿನ ಆಸೆಯಿಂದ ತಿಂದಿತು, ನಾಲ್ಕನೆಯ ದಿನ ಇರಲಿಲ್ಲ. ಆ ಹೊಲಕ್ಕೆ ಹಿಂದಿನ ವಾರವಷ್ಟೇ ಕಾಯಿಕೊರಕದ ಔಷಧಿ ಹೊಡೆದಿದ್ದರೆಂದು ಆಮೇಲೆ ತಿಳಿಯಿತು. ಅದೇ ಕಾರಣವೆಂದು ನನ್ನ ಬಲವಾದ ಅನುಮಾನ. ಮನೆಯಲ್ಲಿ ಜಿರಳೆಗೆ, ಸೊಳ್ಳೆಗೆ ಹೊಡೆಯುವ ಸ್ಪ್ರೇ ಕೂಡ ಇದೇ ಜಾತಿಯ ಅಪಾಯ. ಅವುಗಳಲ್ಲಿರುವ ಪೈರೆಥ್ರಾಯ್ಡ್ ಮನುಷ್ಯರಿಗಿಂತ ಮೀನಿಗೆ ಬಹಳ ಹೆಚ್ಚು ವಿಷಕಾರಿ, ಮತ್ತು ಕೋಣೆಯ ಗಾಳಿಯನ್ನು ಎಳೆದು ನೀರಿಗೆ ತುಂಬುವುದೇ ಏರ್ ಪಂಪಿನ ಕೆಲಸ. ಆದ್ದರಿಂದ ಪಂಪನ್ನು ಬಾಲ್ಕನಿಯಲ್ಲಿಟ್ಟು ಪೈಪನ್ನಷ್ಟೇ ಒಳಗೆ ತಂದಿದ್ದೇನೆ.

ಇನ್ನು ನಾನು ಗೆದ್ದ ವಿಧಾನ. ನಮ್ಮ ಜಿಲ್ಲೆಯ ದ್ರಾಕ್ಷಿ ತೋಟದವರ ಹತ್ತಿರ ಸಿಗುವ, ತಾಸಿಗೆ 4 ಲೀಟರ್ ಬಿಡುವ ಒಂದು ಡ್ರಿಪ್ಪರ್, 200 ಲೀಟರಿನ ಒಂದು ನೀಲಿ ಡ್ರಮ್ಮು, ಟ್ಯಾಂಕಿನ ಅಂಚಿನಲ್ಲಿ ಹೆಚ್ಚಾದ ನೀರು ಹೊರಹೋಗಲು ಒಂದು ಕೊಳವೆ: ಇಷ್ಟೇ ಸಾಮಾನು. ಡ್ರಮ್ಮು ಮೆಟ್ಟಿಲ ಮೇಲಿನ ನೆರಳಿನಲ್ಲಿದೆ. ನೀರು ತಾನಾಗಿ ಇಳಿಯುವುದರಿಂದ ಕರೆಂಟ್ ಹೋದರೂ ನಿಲ್ಲುವುದಿಲ್ಲ. ದಿನಕ್ಕೆ 96 ಲೀಟರ್ ಹೊಸ ನೀರು ಬರುತ್ತದೆ, ಮೀನಿಗೆ ಬದಲಾವಣೆಯ ಅರಿವೇ ಆಗುವುದಿಲ್ಲ. ಎಲ್ಲರೂ ನಕ್ಕದ್ದು ಡ್ರಮ್ಮಿನ ಮಿಶ್ರಣಕ್ಕೆ: ಮೂರು ಪಾಲು ಬೋರಿನ ನೀರು, ಎರಡು ಪಾಲು ಆರ್‌ಒ. ನನ್ನ ಬೋರಿನ ಕ್ಷಾರತೆ ಲೀಟರಿಗೆ ಸುಮಾರು 300 ಮಿಲಿಗ್ರಾಂ, ಆರ್‌ಒದ್ದು 20. ಮಿಶ್ರಣ 190ರ ಆಸುಪಾಸು, ಅಂದರೆ ಹತ್ತೂವರೆ ಡಿಗ್ರಿ ಕೆಎಚ್. ಬ್ಯಾಕ್ಟೀರಿಯಾ ತನ್ನ ಪಾಲು ತಿಂದ ಮೇಲೆ ಟ್ಯಾಂಕಿನಲ್ಲಿ 6 ಡಿಗ್ರಿ ನಿಲ್ಲುತ್ತದೆ. ಬೇರೆಯವರ ಬೋರು ಬೇರೆ, ಆದ್ದರಿಂದ ಪಾಲುಗಳನ್ನಲ್ಲ, ಟ್ಯಾಂಕಿನ ಆ 6 ಡಿಗ್ರಿಯನ್ನು ಗುರಿಯಾಗಿ ಇಟ್ಟುಕೊಳ್ಳಬೇಕು. ಒಟ್ಟು ಖರ್ಚು 2,000 ರೂಪಾಯಿ ದಾಟಿರಲಿಕ್ಕಿಲ್ಲ.

ಒಮ್ಮೆ ಇದೂ ಕೈಕೊಟ್ಟಿತು. ಜಮಖಂಡಿಗೆ ಮದುವೆಗೆ ಹೋಗಿ ಒಂಬತ್ತು ದಿನ ಉಳಿದಾಗ ಡ್ರಿಪ್ಪರಿನ ಕಣ್ಣಿಗೆ ಸವಳು ಕಟ್ಟಿ ನೀರು ನಿಂತುಹೋಗಿತ್ತು. ಮಗ ದಿನವೂ ತಪ್ಪದೆ ಆಹಾರ ಹಾಕಿದ್ದ. ಬಂದು ಅಳೆದರೆ ಕೆಎಚ್ 6ರಿಂದ 2ಕ್ಕೆ ಇಳಿದಿತ್ತು. ಮೇಲಿನ ಲೆಕ್ಕ ಕಾಗದದ ಮೇಲಿನದಷ್ಟೇ ಅಲ್ಲವೆಂದು ನನಗೆ ಪೂರ್ತಿ ನಂಬಿಕೆ ಬಂದದ್ದು ಅಂದು. ನಾಲ್ಕು ದಿನ ತೆಗೆದುಕೊಂಡು ನಿಧಾನವಾಗಿ ಏರಿಸಿದೆ, ಮೀನು ಉಳಿಯಿತು. ಸವಳು ಕಟ್ಟದಂತೆ ಈಗ ಡ್ರಮ್ಮಿನಲ್ಲೇ ಒಂದು ಚಿಕ್ಕ ವ್ಯವಸ್ಥೆ ಮಾಡಿಕೊಂಡಿದ್ದೇನೆ, ಅದನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ.

ಇದರ ನಡುವೆ ಬಾಗಲಕೋಟೆ ಕಡೆಯ ಸುಣ್ಣದ ಕಲ್ಲಿನ ಪ್ರಯೋಗವನ್ನೂ ಮಾಡಿದೆ. ಲಿಂಬೆರಸ ಬಿಟ್ಟರೆ ನೊರೆ ಬರುವ ಚೂರುಗಳನ್ನು ಆರಿಸಿ, ತೊಳೆದು, ಹತ್ತು ಕಿಲೋದಷ್ಟು ಟ್ಯಾಂಕಿನ ಫಿಲ್ಟರ್ ತೊಟ್ಟಿಯಲ್ಲಿ ಹಾಕಿದೆ. ನೀರು ಹುಳಿಯತ್ತ ತಿರುಗಿದರೆ ಮಾತ್ರ ಕಲ್ಲು ಕರಗುವುದರಿಂದ ಪಿಎಚ್ 7ರ ಸಮೀಪ ತಡೆದು ನಿಲ್ಲಿಸಿತು, ಆದರೆ ಆರೇ ವಾರಗಳಲ್ಲಿ ಕಲ್ಲಿನ ಮೇಲೆ ಲೋಳೆ ಕಟ್ಟಿ ಕೆಲಸ ನಿಂತಿತು. ತಿಂಗಳಿಗೊಮ್ಮೆ ಬ್ರಷ್ಷಿನಿಂದ ಉಜ್ಜುವ ತಾಳ್ಮೆ ಇರುವವರಿಗೆ ಡ್ರಿಪ್ಪರ್ ನಿಂತ ದಿನಗಳಲ್ಲಿ ಇದು ಒಳ್ಳೆಯ ಆಸರೆ. ನಾನು ಈಗಲೂ ನಾಲ್ಕು ಕಿಲೋ ಇಟ್ಟಿದ್ದೇನೆ.

ಆಹಾರದಲ್ಲಿ ಈಗ ಮುಕ್ಕಾಲು ಪಾಲು ತೇಲುವ ಪೆಲೆಟ್, ಅಂದರೆ ಗುಳಿಗೆಯಂಥ ಒಣ ಆಹಾರ. ಉಳಿದದ್ದು ತಿಲಾಪಿಯಾ ಮೀನಿನ ತುಂಡು, ಅದೂ ಮುಳ್ಳು ತೆಗೆದು. ಜೀವಂತ ಆಹಾರಕ್ಕೆ ಒಗ್ಗಿದ ಅರೋವಾನಾಕ್ಕೆ ಪೆಲೆಟ್ ರೂಢಿ ಮಾಡಿಸಲು ನನಗೆ 23 ದಿನ ಬೇಕಾದವು. ಮೊದಲ ಹನ್ನೊಂದು ದಿನ ಅದು ಏನನ್ನೂ ತಿನ್ನಲಿಲ್ಲ, ಮನೆಯವರು ನನ್ನ ಮೇಲೆ ಮುನಿಸಿಕೊಂಡರು. ಹನ್ನೆರಡನೆಯ ದಿನ ಪೆಲೆಟ್ಟನ್ನು ಏನಲ್ಲಿ ನೆನೆಸಿ ಹಾಕಿದೆನೆಂಬುದನ್ನು ಕೂಡ ಇಲ್ಲಿ ಬರೆಯುವುದಿಲ್ಲ. ಅಡಿಗೆ ಮನೆಯದೇ ಪದಾರ್ಥ ಎಂದಷ್ಟು ಹೇಳಬಲ್ಲೆ.

ಕಳೆದ ಸೋಮವಾರ ಅಳೆದಾಗ ಕೆಎಚ್ 6, ಪಿಎಚ್ 7.4, ಅಮೋನಿಯಾ ಶೂನ್ಯ, ನೀರಿನ ಶಾಖ 29 ಡಿಗ್ರಿ ಇತ್ತು. ಟ್ಯಾಂಕಿನ ಅಗಲ ಈ ಮೀನು ತಿರುಗಲು ಸಾಲದಾಗುತ್ತ ಬಂದಿದೆ, ಆದ್ದರಿಂದ ದೀಪಾವಳಿಯೊಳಗೆ ಎಂಟು ಅಡಿ ಉದ್ದ, ಮೂರು ಅಡಿ ಅಗಲದ್ದನ್ನು ಕಟ್ಟಿಸಲು ಗಾಜಿನವರಿಗೆ ಮುಂಗಡ ಕೊಟ್ಟಿದ್ದೇನೆ. ಅದಕ್ಕೆ ಎರಡು ಡ್ರಿಪ್ಪರ್ ಬೇಕಾಗುತ್ತವೆ.