ಎರಡನೇ ದಿನ ಕಾಲು ಖಾಲಿಯಾಯಿತು: ಮೂರು ದಿನದ ಸೈಕಲ್ ರೇಸಿನಲ್ಲಿ ನನ್ನ ಅನುಭವ

ಶಿಡ್ಲಘಟ್ಟ ದಾಟಿಯಾಗಿತ್ತು. ಚಿಕ್ಕಬಳ್ಳಾಪುರಕ್ಕೆ ಇನ್ನು ಹದಿನೈದು ಕಿಲೋಮೀಟರ್ ಇರಬೇಕು, ಅಲ್ಲಿ ನನ್ನ ಕಾಲು ಖಾಲಿಯಾಯಿತು. ನೋವಿರಲಿಲ್ಲ, ಸೆಳೆತವೂ ಇರಲಿಲ್ಲ. ಒತ್ತಿದರೆ ಒತ್ತಿದ ಹಾಗೇ ಆಗುತ್ತಿಲ್ಲ, ಅಷ್ಟೆ. ಮುಂದಿನವನ ಚಕ್ರ ಒಂದು ಅಡಿ ದೂರ ಇದ್ದದ್ದು ಮೂರು ಅಡಿಯಾಯಿತು, ಹತ್ತಾಯಿತು, ನೋಡ್ತಾ ನೋಡ್ತಾ ಇಡೀ ಗುಂಪು ಏರು ಹತ್ತಿ ಆಚೆ ಮರೆಯಾಯಿತು.

ನಾನು ಚಿಕ್ಕಬಳ್ಳಾಪುರದವನು. ಹೂವಿನ ವ್ಯಾಪಾರ. ಬೆಳಗಿನ ಜಾವ ಮಾರ್ಕೆಟ್ ಕೆಲಸ, ಮಧ್ಯಾಹ್ನದ ಮೇಲೆ ಸೈಕಲ್. ಐದು ವರ್ಷದಿಂದ ಓಡಿಸುತ್ತಿದ್ದೇನೆ. ಒಂದು ದಿನದ ರೇಸುಗಳಲ್ಲಿ ಭಾಗವಹಿಸಿದ್ದೆ, ಆದರೆ ದಿನ ಬಿಡದೆ ಮೂರು ದಿನ ಓಡಿಸುವ ರೇಸು ಇದೇ ಮೊದಲು. ಜನವರಿ ತಿಂಗಳು. ಮೊದಲ ದಿನ ಮಂಚೇನಹಳ್ಳಿ ದಾಟಿ ಗೌರಿಬಿದನೂರಿನ ಕಡೆ ಹೋಗಿ ಬರೋದು, ಸುಮಾರು 70 ಕಿಲೋಮೀಟರ್. ಎರಡನೇ ದಿನ ಶಿಡ್ಲಘಟ್ಟದ ಮೇಲೆ ಚಿಂತಾಮಣಿಗೆ ಹೋಗಿ ವಾಪಸ್, ಸುಮಾರು 90. ಮೂರನೇ ದಿನ ನಂದಿ ಬೆಟ್ಟ. ಮೂರೂ ದಿನದ ಸಮಯ ಕೂಡಿಸುತ್ತಾರೆ, ಯಾರದ್ದು ಕಮ್ಮಿಯೋ ಅವರು ಗೆದ್ದ ಹಾಗೆ.

ಮೊದಲ ದಿನ ಚೆನ್ನಾಗಿ ಓಡಿಸಿದೆ. ಜಾಸ್ತಿಯೇ ಚೆನ್ನಾಗಿ. ಗುಂಪಿನಲ್ಲಿ ಇನ್ನೊಬ್ಬರ ಬೆನ್ನಿಗೆ ಹತ್ತಿಕೊಂಡು ಹೋದರೆ ಗಾಳಿ ಬಡಿಯೋದು ಕಮ್ಮಿ, ಕಾಲು ಭಾಗಕ್ಕಿಂತ ಜಾಸ್ತಿ ಶ್ರಮ ಉಳಿಯುತ್ತದೆ. ಅದು ನನಗೆ ಗೊತ್ತಿತ್ತು. ಆದರೂ ನಮ್ಮೂರ ರಸ್ತೆ, ರಸ್ತೆ ಪಕ್ಕ ನಮ್ಮವರೇ ನಿಂತು ಹೆಸರು ಹಿಡಿದು ಕೂಗ್ತಿದ್ದಾರೆ, ಹಾಗಾಗಿ ಮತ್ತೆ ಮತ್ತೆ ಮುಂದೆ ಹೋಗಿ ಗಾಳಿಗೆ ಎದೆ ಕೊಟ್ಟೆ. ಹನ್ನೊಂದನೇ ಸ್ಥಾನ ಬಂತು. ಮುಗಿಸಿದವನೇ ಒಂದು ಟೀ ಕುಡಿದು ಸೀದಾ ಅಂಗಡಿಗೆ ಹೋದೆ. ಮದುವೆ ಆರ್ಡರ್ ಇತ್ತು, ಸೇವಂತಿಗೆ ಲೆಕ್ಕ ನೋಡಬೇಕಿತ್ತು. ಊಟ ಮಾಡಿದ್ದು ಸಂಜೆ ನಾಲ್ಕಕ್ಕೆ. ರಾತ್ರಿ ಹಸಿವಿರಲಿಲ್ಲ, ಅರ್ಧ ಮುದ್ದೆ ತಿಂದು ಮಲಗಿದೆ.

ತಪ್ಪಾಗಿದ್ದು ಅಲ್ಲೇ. ಕಾಲಿನ ಸ್ನಾಯುಗಳಲ್ಲಿ ಮತ್ತು ಲಿವರ್‌ನಲ್ಲಿ ದೇಹ ಸಕ್ಕರೆಯನ್ನು ಗ್ಲೈಕೋಜನ್ ಅಂತ ಕೂಡಿಟ್ಟುಕೊಂಡಿರುತ್ತದೆ. ಜೋರಾಗಿ ಓಡಿಸಿದರೆ ಒಂದೂವರೆ, ಎರಡು ಗಂಟೆಯಲ್ಲಿ ಅದು ತಳ ಕಾಣುತ್ತದೆ. ಮತ್ತೆ ಪೂರ್ತಿ ತುಂಬೋಕೆ ಒಂದು ದಿನ ಬೇಕು, ಅದೂ ಚೆನ್ನಾಗಿ ತಿಂದರೆ. ಓಡಿಸಿ ಇಳಿದ ಮೊದಲ ಎರಡು ಗಂಟೆಯಲ್ಲಿ ಅದು ಬೇಗ ತುಂಬುತ್ತದೆ. ಆ ಎರಡು ಗಂಟೆ ನಾನು ಹೂವು ತೂಗುತ್ತಿದ್ದೆ.

ಎರಡನೇ ದಿನ ಹೋಗುವಾಗ ಏನೂ ಗೊತ್ತಾಗಲಿಲ್ಲ. ಎರಡೂ ಕಡೆ ಹಿಪ್ಪುನೇರಳೆ ತೋಟ, ಸೊಪ್ಪು ಹೇರಿಕೊಂಡ ಗಾಡಿಗಳು, ಬೆಳಗಿನ ಮಂಜು. ಒಂದು ಕಡೆ ರಸ್ತೆ ಮೇಲೆ ಹುರುಳಿ ಒಕ್ಕೋಕೆ ಹಾಸಿದ್ದರು. ಗಾಡಿ ಹರಿದರೆ ಕಾಳು ಉದುರುತ್ತದೆ ಅಂತ ನಮ್ಮ ಕಡೆ ಹಾಸ್ತಾರೆ ಅಲ್ವಾ. ಸೈಕಲ್ಲಿನ ಸಣ್ಣ ಟೈರಿಗೆ ಅದು ಜಾರುವ ನೆಲ, ಕಡ್ಡಿ ಚೈನಿಗೂ ಸಿಕ್ಕಿಕೊಳ್ಳುತ್ತದೆ. ನಮ್ಮ ಕಡೆ ರೇಸ್ ಮಾಡೋರಿಗೆ ಒಂದು ಮಾತು: ಅಲ್ಲಿ ಬ್ರೇಕ್ ಹಿಡಿಯಬೇಡಿ, ಹ್ಯಾಂಡಲ್ ತಿರುಗಿಸಬೇಡಿ, ಪೆಡಲ್ ನಿಲ್ಲಿಸಿ ನೇರವಾಗಿ ದಾಟಿಬಿಡಿ. ನನ್ನ ಮುಂದಿದ್ದ ಹುಡುಗ ಬ್ರೇಕ್ ಹಿಡಿದು ಬಿದ್ದ. ಮೊಣಕೈ ತರಚಿತು, ಎದ್ದು ಬಂದು ರೇಸ್ ಮುಗಿಸಿದ.

ಜೇಬಿನಲ್ಲಿ ಮೂರು ಬಾಳೆಹಣ್ಣು, ನಾಲ್ಕು ಕಡಲೆಕಾಯಿ ಚಿಕ್ಕಿ ಇತ್ತು. ತಿಂದದ್ದು ಒಂದು ಹಣ್ಣು. ಗುಂಪು ಜೋರಾಗಿ ಹೋಗುವಾಗ ಕೈ ಬಿಡೋಕೆ ಭಯ, ಆಮೇಲೆ ತಿಂದರಾಯಿತು ಅಂತ ಮುಂದೂಡಿದೆ. ಚಿಂತಾಮಣಿಯಲ್ಲಿ ತಿರುಗಿದ ಮೇಲೆ ಎದುರುಗಾಳಿ. ಆಮೇಲೆ ಆದದ್ದು ಹೇಳಿದೆನಲ್ಲ. ಕೊನೆಯ ಹದಿನೈದು ಕಿಲೋಮೀಟರ್ ಒಬ್ಬನೇ ತುಳಿದೆ, ಒಂಬತ್ತು ನಿಮಿಷ ಕಳೆದುಕೊಂಡೆ. 1989ರ ಟೂರ್ ದ ಫ್ರಾನ್ಸ್ ಸೈಕಲ್ ರೇಸಿನಲ್ಲಿ ಮೂರು ವಾರ ಓಡಿಸಿ ಅಮೆರಿಕದ ಗ್ರೆಗ್ ಲೆಮಾಂಡ್ ಗೆದ್ದದ್ದು ಬರೀ 8 ಸೆಕೆಂಡಿನಿಂದ. ನನ್ನ ಒಂಬತ್ತು ನಿಮಿಷ ಬೆಟ್ಟದ ಮೇಲೆ ವಾಪಸ್ ಬರೋದಲ್ಲ ಅಂತ ಅವತ್ತೇ ಗೊತ್ತಾಯಿತು. ತುಂಬಾ ಬೇಜಾರಾಯಿತು, ಸುಳ್ಳು ಹೇಳಲ್ಲ. ಬಿಟ್ಟುಬಿಡೋಣ ಅನ್ನಿಸಿತು.

ಅವತ್ತು ಮಾತ್ರ ಅಂಗಡಿ ತಮ್ಮನಿಗೆ ಬಿಟ್ಟೆ. ಇಳಿದ ಹತ್ತು ನಿಮಿಷಕ್ಕೆ ನಿಂಬೆಹಣ್ಣು, ಉಪ್ಪು, ಸಕ್ಕರೆ ಹಾಕಿದ ಶರಬತ್ತು, ಎರಡು ಬಾಳೆಹಣ್ಣು. ಒಂದು ಗಂಟೆಯೊಳಗೆ ಅನ್ನ, ಬೇಳೆಸಾರು, ಮೊಟ್ಟೆ. ಕಾಲು ಗೋಡೆಗೆ ಚಾಚಿ ಎರಡು ಗಂಟೆ ನಿದ್ದೆ. ರಾತ್ರಿ ಅಮ್ಮ ಕೇಳಿದರು, "ಮುದ್ದೆ ತಿರುವಲೇನಪ್ಪಾ, ಶಕ್ತಿ ಬರುತ್ತೆ." "ಬೇಡಮ್ಮ, ಇವತ್ತು ಅನ್ನಾನೇ ಹಾಕು" ಅಂದೆ. ಮುದ್ದೆ ನನಗೆ ಪ್ರಾಣ. ಆದರೆ ಅದು ನಿಧಾನವಾಗಿ ಕರಗುವ ಊಟ, ಬೇಗ ಹೊಟ್ಟೆ ತುಂಬಿಸುತ್ತದೆ. ಎರಡು ರೇಸಿನ ನಡುವಿನ ರಾತ್ರಿ ಜಾಸ್ತಿ ತಿನ್ನಬೇಕು, ಅದಕ್ಕೆ ಬಿಳಿ ಅನ್ನವೇ ಸರಿ ಅನ್ನೋದು ನನ್ನ ಅಭಿಪ್ರಾಯ.

ಮೂರನೇ ದಿನ ನಂದಿ. ಬುಡದಿಂದ ಸುಮಾರು ಎಂಟು ಕಿಲೋಮೀಟರ್, ತಿರುವು ನಲವತ್ತರ ಹತ್ತಿರ, ತುದಿ 1478 ಮೀಟರ್. ಶುರುವಿನಲ್ಲಿ ಎಲ್ಲರೂ ನುಗ್ಗಿದರು, ನಾನು ಬಿಟ್ಟುಕೊಟ್ಟೆ. ಚೈನಿನ ಮುಂದಿನ ಹಲ್ಲುಚಕ್ರದಲ್ಲಿ 34 ಹಲ್ಲು, ಹಿಂದಿನದರಲ್ಲಿ 32, ಆ ಹಗುರವಾದ ಗೇರ್ ಹಾಕಿ ಕಾಲು ಹಗುರವಾಗಿ ತಿರುಗಿಸುತ್ತಾ ಹೋದೆ. ಹೇರ್‌ಪಿನ್ ತಿರುವಿನಲ್ಲಿ ಒಳಗಡೆ ತುಂಬಾ ಕಡಿದಾಗಿರುತ್ತದೆ, ಹೊರಗಿನಿಂದ ಸುತ್ತಿದರೆ ನಾಲ್ಕು ಅಡಿ ಜಾಸ್ತಿಯಾದರೂ ಲಯ ಕೆಡೋದಿಲ್ಲ. ಅರ್ಧ ಬೆಟ್ಟಕ್ಕೆ ಒಬ್ಬೊಬ್ಬರೇ ಸಿಗತೊಡಗಿದರು. ಕೊನೆಯ ಎರಡು ಕಿಲೋಮೀಟರಿನಲ್ಲಿ ಒಂಬತ್ತು ಜನರನ್ನು ದಾಟಿದೆ. ಅವತ್ತಿನ ಲೆಕ್ಕದಲ್ಲಿ ಎಂಟನೆಯವನು, ಮೂರು ದಿನದ ಒಟ್ಟು ಲೆಕ್ಕದಲ್ಲಿ ಇಪ್ಪತ್ತಮೂರನೆಯವನು.

ಮೇಲೆ ಮೋಡ ಮುಚ್ಚಿತ್ತು, ಕೈ ಮರಗಟ್ಟಿತ್ತು. ತಮ್ಮ ಬೈಕಿನಲ್ಲಿ ಮೊದಲೇ ಬಂದು ಕಾಯುತ್ತಿದ್ದ, ಕೈಯಲ್ಲಿ ಅಮ್ಮ ಕೊಟ್ಟ ಮೊಸರನ್ನದ ಡಬ್ಬಿ, ಇನ್ನೊಂದು ಕೈಯಲ್ಲಿ ಕೋತಿ ಓಡಿಸೋಕೆ ಕೋಲು. ಹೆಲ್ಮೆಟ್ ಕೂಡ ತೆಗೆಯದೆ ಕಟ್ಟೆ ಮೇಲೆ ಕೂತು ಪೂರ್ತಿ ಡಬ್ಬಿ ಖಾಲಿ ಮಾಡಿದೆ.